ಎಪ್ಪತ್ತು ರೂಪಾಯಿಯ ಗೀರು

ನಮ್ಮ ಬಾಲ್ಕನಿಯ ಕೆಳಗಿನ ಮನೆಯಲ್ಲಿ ಒಬ್ಬ ಕಾಕೂ ಇದ್ದಾರೆ. 2024ರ ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಅವರು ಬೆಲ್ ಮಾಡಿ, ಕೈಯಲ್ಲಿದ್ದ ಬಿಳಿ ದುಪಟ್ಟಾ ಬಿಡಿಸಿ ತೋರಿಸಿ "ಹೇ ಕಾಯ್ ಆಹೇ?" ಅಂದರು. ದುಪಟ್ಟಾದ ತುಂಬ ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು. ನಾನು ಏನೂ ಹೇಳಬೇಕಾಗಿರಲಿಲ್ಲ. ನನ್ನ ಮುಖ, ಬನಿಯನ್, ಹತ್ತೂ ಬೆರಳು ಅದೇ ಬಣ್ಣದಲ್ಲಿದ್ದವು. ನನ್ನ ಹಿಂದೆ ನಿಂತಿದ್ದ ಹೆಂಡತಿ ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ "ನಾ ಮೊದಲs ಹೇಳಿದ್ದೆ" ಅಂದಳು. ಕಾಕೂಗೆ ಕನ್ನಡ ಬಾರದು, ಆದರೂ ಅರ್ಥವಾಯಿತು ಅಂತ ಕಾಣುತ್ತದೆ, ನಕ್ಕುಬಿಟ್ಟರು.

ವಿಷಯ ಇಷ್ಟೇ. ನಾನು ಬಾಲ್ಕನಿಯಲ್ಲಿ ಕೂತು ಹಳೇ ಯೆಜ್ಡಿಯ ಇಂಜಿನ್ ಕವರುಗಳನ್ನು ಕನ್ನಡಿಯ ಹಾಗೆ ಹೊಳೆಸಲು ಹೊರಟಿದ್ದೆ.

ಗಾಡಿ ನಮ್ಮ ಅಣ್ಣನದು. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುವುದು, ಹಳೇ ಮೈಸೂರಿನ ಕಡೆಯವರಿಗೆ ಇದು ಹೊಸದೇನಲ್ಲ. ಅಣ್ಣ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. 1985ರಲ್ಲಿ ಸಾಲ ಮಾಡಿ ಯೆಜ್ಡಿ ರೋಡ್‌ಕಿಂಗ್ ಕೊಂಡರು. ಮೈಸೂರಿನವರಿಗೆ ಆ ಗಾಡಿ ನಮ್ಮೂರಿನದು ಅನ್ನುವ ಅಭಿಮಾನ. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು, 1996ರಲ್ಲಿ ಮುಚ್ಚಿತು. ಎರಡು ಸೈಲೆನ್ಸರಿನ, ಟೂ ಸ್ಟ್ರೋಕ್ ಹೊಗೆಯ, ಕಿಕ್ಕರೇ ಗೇರ್ ಲಿವರ್ ಕೂಡ ಆಗುವ ಆ ಗಾಡಿಯ ಸದ್ದನ್ನು ಬೀದಿಯ ತುದಿಯಲ್ಲೇ ಗುರುತು ಹಿಡಿದು ಅಮ್ಮ ಕಾಫಿಗೆ ನೀರಿಡುತ್ತಿದ್ದಳು.

2013ರಲ್ಲಿ ಅಣ್ಣ ಹೋದರು. ಗಾಡಿ ಮೈಸೂರಿನ ಮನೆಯ ಹಿತ್ತಲ ಶೆಡ್ಡಿನಲ್ಲಿ, ಅಮ್ಮನ ಹಳೇ ಸೀರೆ ಹೊದ್ದುಕೊಂಡು ಒಂಬತ್ತು ವರ್ಷ ನಿಂತಿತು. 2022ರಲ್ಲಿ ಮನೆ ಮಾರಿದೆವು. ಅಮ್ಮ ಪುಣೆಗೆ ಬಂದಳು. ಅವಳ ಬೀರು, ಒರಳುಕಲ್ಲು, ದೇವರ ಮಂಟಪದ ಜೊತೆ ಲಾರಿಯಲ್ಲಿ ಗಾಡಿಯೂ ಬಂತು. ಅದರ ಕಾಗದಪತ್ರಗಳಿಗಾಗಿ ನಾನು ಅಲೆದದ್ದು ಬೇರೆಯೇ ಪುರಾಣ, ಇನ್ನೊಂದು ದಿನ ಬರೆಯುತ್ತೇನೆ. ಒಟ್ಟಿನಲ್ಲಿ ಈಗ ಅದಕ್ಕೆ ಎಂಎಚ್ 12 ನಂಬರ್. 1994ರಲ್ಲಿ ಡಿಪ್ಲೊಮಾ ಸರ್ಟಿಫಿಕೇಟ್ ಹಿಡಿದು ಪಿಂಪ್ರಿಗೆ ಬಂದ ನನಗೂ ಹೀಗೇ ರೇಷನ್ ಕಾರ್ಡ್, ವೋಟರ್ ಕಾರ್ಡ್ ಒಂದೊಂದಾಗಿ ಬದಲಾಗಿದ್ದವಲ್ಲ. ಇಂಜಿನ್ ನಂಬರ್ ಮಾತ್ರ ಬದಲಾಗುವುದಿಲ್ಲ, ಗಾಡಿಗೂ ನಮಗೂ.

ಮೆಕ್ಯಾನಿಕ್ ಇಂಜಿನ್ ಸರಿ ಮಾಡಿಕೊಟ್ಟ. ಬಣ್ಣವೂ ಪರವಾಗಿಲ್ಲ. ಆದರೆ ಇಂಜಿನ್ನಿನ ಎರಡೂ ಬದಿಯ ಅಲ್ಯೂಮಿನಿಯಂ ಕವರುಗಳು, ಎಡಗಡೆಯ ಕ್ಲಚ್ ಕವರ್, ಬಲಗಡೆಯ ಡೈನಮೋ ಕವರ್, ಬೂದಿ ಬಳಿದ ಹಾಗೆ ಮಂಕಾಗಿದ್ದವು. ಹೊರಗೆ ಕೊಟ್ಟರೆ ಒಂದು ದಿನದ ಕೆಲಸ. ಬೋಸರಿ ಕಡೆ ಬಫಿಂಗ್ ಮಾಡುವವರಿಗೆ ಬರವೇ? ಆದರೆ ಮೂವತ್ತು ವರ್ಷ ಬೇರೆಯವರ ಮೆಷೀನ್ ಶಾಪಿನಲ್ಲಿ ದುಡಿದವನಿಗೆ ಇದನ್ನಾದರೂ ನನ್ನ ಕೈಯಲ್ಲೇ ಮಾಡೋಣ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು. ಡೈನಮೋ ಕವರಿನ ಮೇಲೆ ಒಂದು ಗೀರಿತ್ತು. ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿರಲಿಲ್ಲ.

1990ರಲ್ಲಿ, ಡಿಪ್ಲೊಮಾ ಎರಡನೇ ವರ್ಷದಲ್ಲಿ, ಅಣ್ಣ ಮಲಗಿದ್ದಾಗ ಕೀ ಎತ್ತಿಕೊಂಡು ಗೆಳೆಯನ ಜೊತೆ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಒಂದು ತಿರುವಿನಲ್ಲಿ ಮರಳು. ಬಲಗಡೆಗೆ ಬಿದ್ದೆವು. ಫುಟ್‌ರೆಸ್ಟ್ ಬಗ್ಗಿತು, ಡೈನಮೋ ಕವರ್ ಟಾರಿಗೆ ತಿಕ್ಕಿ ಒಂದು ಗೇಣಿನಷ್ಟು ಉದ್ದಕ್ಕೆ ಕಿತ್ತುಬಂತು. ನನ್ನ ಮೊಣಕಾಲೂ ಹಾಗೆಯೇ. ಮನೆಗೆ ಬಂದಾಗ ಅಣ್ಣ ಮೊದಲು ಕಾಲು ನೋಡಿದರು, ಆಮೇಲೆ ಗಾಡಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು!

ಅಲ್ಲಿಂದ ಮುಂದೆ ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ಅಣ್ಣ ಹಳೇ ಬನಿಯನ್ ಬಟ್ಟೆಗೆ ಬ್ರಾಸೋ ಹಾಕಿಕೊಂಡು ಕವರುಗಳನ್ನು ತಿಕ್ಕುವಾಗ ನಾನು ಅಲ್ಲೇ ನಿಂತಿರುತ್ತಿದ್ದೆ. ಕೈ ಆ ಗೀರಿನ ಹತ್ತಿರ ಬಂದಾಗ ಸ್ವಲ್ಪ ನಿಧಾನವಾಗುತ್ತಿತ್ತು. ಹೊಳೆಯುವ ಕವರಿನ ನಡುವೆ ಅದೊಂದು ಕಪ್ಪು ಗೆರೆ. 1996ರಲ್ಲಿ ಬೋನಸ್ ಬಂದಾಗ "ಹೊಸ ಕವರ್ ತರ್ತೀನಿ ಅಣ್ಣ" ಅಂದಿದ್ದೆ. "ಬೇಡ, ಇರ್ಲಿ ಬಿಡು" ಅಂದರು. ಆ 'ಇರ್ಲಿ ಬಿಡು'ವಿಗೆ ನಾನು ಎಷ್ಟು ಅರ್ಥ ಹಚ್ಚಿದೆನೋ ಲೆಕ್ಕವಿಲ್ಲ. ನನಗೆ ಪಾಠವಾಗಲಿ ಅಂತ ಇಟ್ಟುಕೊಂಡಿದ್ದಾರೆ ಅಂತ ಒಮ್ಮೆ, ಕ್ಷಮಿಸಿಲ್ಲ ಅಂತ ಇನ್ನೊಮ್ಮೆ. ಅವರು ಹೋದ ಮೇಲೆ ಅದು ನನಗೆ ಒಂದು ಥರದ ದೇವರ ಪಟವಾಯಿತು. ಹಾಗಾಗಿ ನನ್ನ ತೀರ್ಮಾನ ಹೀಗಿತ್ತು: ಎರಡೂ ಕವರ್ ಕನ್ನಡಿಯಾಗಬೇಕು, ಆ ಗೀರು ಮಾತ್ರ ಇದ್ದ ಹಾಗೇ ಇರಬೇಕು.

ಮೊದಲು ಕ್ಲಚ್ ಕವರ್ ಹಿಡಿದೆ. ನಾನಾ ಪೇಠೆಗೆ ಹೋಗಿ ಸಾಮಾನು ತಂದೆ. ಪುಣೆಯಲ್ಲಿ ಗಾಡಿಯ ಯಾವ ಸಾಮಾನು ಬೇಕಾದರೂ ಮೊದಲು ಅಲ್ಲಿ ಕೇಳಬೇಕು. 320ರಿಂದ 2000 ನಂಬರಿನ ತನಕ ವಾಟರ್ ಪೇಪರ್, ಬಟ್ಟೆಯ ಬಫ್ ಚಕ್ರ ಎರಡು, ಕಂದು ಸೋಪು, ಬಿಳಿ ಸೋಪು. ಸೋಪು ಅಂದರೆ ಸ್ನಾನದ್ದಲ್ಲ. ಮೇಣದಂಥ ಜಿಡ್ಡಿನಲ್ಲಿ ಅತಿ ಸಣ್ಣ ಉಜ್ಜುವ ಪುಡಿ ಕಲಸಿ ಮಾಡಿದ ಗಟ್ಟಿ. ತಿರುಗುವ ಬಫ್‌ಗೆ ಅದನ್ನು ಹಿಡಿದರೆ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಬೆಂಚ್ ಗ್ರೈಂಡರ್ ಹಳೆಯದೊಂದು ನನ್ನ ಬಳಿ ಇತ್ತು. ನಿಮಿಷಕ್ಕೆ 2800 ಸುತ್ತು. ಅದರ ಕಲ್ಲು ಬಿಚ್ಚಿ ಬಫ್ ಹಾಕಿದೆ.

ಈಗ ನನ್ನ ಮೂರ್ಖತನಗಳನ್ನು ಹೇಳುತ್ತೇನೆ, ನಿಮಗೆ ಯಾವತ್ತಾದರೂ ಉಪಯೋಗಕ್ಕೆ ಬಂದೀತು.

ಒಂದನೆಯದು ಕಾಸ್ಟಿಕ್ ಸೋಡಾ. ಜಿಡ್ಡು ಬೇಗ ಹೋಗಲಿ ಅಂತ ಕಾಸ್ಟಿಕ್ ನೀರಿನಲ್ಲಿ ಮುಳುಗಿಸುವ ಯೋಚನೆ ಬಂತು. ಪುಣ್ಯಕ್ಕೆ ಮೊದಲು ಒಂದು ಗುಜರಿ ಸ್ಕೂಟರ್ ಕವರಿನ ತುಂಡು ಹಾಕಿ ನೋಡಿದೆ. ಬುಸುಬುಸು ಗುಳ್ಳೆ ಎದ್ದು ತುಂಡು ಇದ್ದಿಲಿನ ಹಾಗೆ ಕಪ್ಪಾಯಿತು. ಆ ಗುಳ್ಳೆ ಹೈಡ್ರೋಜನ್. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಡಿಪ್ಲೊಮಾದಲ್ಲಿ ಓದಿದ್ದು ಮರೆತಿತ್ತು. ಅಮ್ಮ ಬಂದು ನೋಡಿ, "ಕುಕ್ಕರಿನ ತಳಕ್ಕೆ ನಿಂಬೆಹೋಳು ಹಾಕ್ತೀವಲ್ಲೋ, ಕಪ್ಪಾಗದ ಹಾಗೆ. ಹುಳಿ ಹಾಕಬೇಕು ಕಣೋ, ಕ್ಷಾರ ಅಲ್ಲ" ಅಂದಳು. ಅರವತ್ತು ವರ್ಷ ಪಾತ್ರೆ ತೊಳೆದವಳ ಮೆಟಲರ್ಜಿ! ಕೊನೆಗೆ ಸೀಮೆಎಣ್ಣೆ, ಬ್ರಷ್, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಅಷ್ಟೇ ಸಾಕಾಯಿತು.

ಎರಡನೆಯದು ಅವಸರ. 320ರಲ್ಲಿ ಉಜ್ಜಿದೆ, ಇದ್ದಬದ್ದ ಹೊಳಪೆಲ್ಲ ಹೋಗಿ ಕವರ್ ಸಿಮೆಂಟಿನ ಹಾಗಾಯಿತು. ಹೆಂಡತಿ ಚಹಾ ತಂದವಳು ನೋಡಿ, "ಇದಕ್ಕಿಂತ ಮೊದಲs ಛಲೋ ಇತ್ತಲ್ರೀ" ಅಂದಳು. ನನಗೆ ಅವಮಾನವಾಯಿತು. ನಡುವಿನ ನಂಬರುಗಳನ್ನು ಹಾರಿಸಿ ಸೀದಾ 1000ಕ್ಕೆ ಹೋದೆ, ಹತ್ತು ನಿಮಿಷ ಉಜ್ಜಿ ಬಫ್‌ಗೆ ಹಿಡಿದೆ. ಹೊಳಪು ಬಂತು. ಎಂಥ ಹೊಳಪು! ಹೆಂಡತಿಯನ್ನು ಕರೆದೆ. ಬಿಸಿಲಿಗೆ ಹಿಡಿದು ತೋರಿಸಿದರೆ, ಹೊಳಪಿನ ಒಳಗೆ 320ರ ಗೀರುಗಳು ಸಾಲುಸಾಲಾಗಿ ಥಳಥಳಿಸುತ್ತಿವೆ. ಬಫ್ ಗೀರನ್ನು ಮುಚ್ಚುವುದಿಲ್ಲ, ಗೀರಿಗೂ ಹೊಳಪು ಕೊಡುತ್ತದೆ. ಮೊದಲು ಮಂಕಾಗಿದ್ದಾಗ ಕಾಣದೆ ಇದ್ದದ್ದು ಈಗ ಎದ್ದು ಕಂಡಿತು. ಮತ್ತೆ 320ರಿಂದ ಶುರು. ಅದೇ ಅವಸರದಲ್ಲಿ ಬಾಲ್ಕನಿಗೆ ಪರದೆ ಕಟ್ಟದೆ ಬಫ್ ತಿರುಗಿಸಿದ್ದರಿಂದಲೇ ಕಾಕೂ ದುಪಟ್ಟಾಗೆ ಆ ಗತಿ ಬಂದದ್ದು. ಆಮೇಲೆ ಮೂರು ಕಡೆ ಹಳೇ ಬೆಡ್‌ಶೀಟ್ ಕಟ್ಟಿದೆ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿದೆ. ಅಲ್ಯೂಮಿನಿಯಂ ಪುಡಿ ಒಳಗೆ ಹೋಗುವುದು ಒಳ್ಳೆಯದಲ್ಲ, ಕಿಡಿ ತಾಕಿದರೆ ಉರಿಯುವ ಪುಡಿಯೂ ಹೌದು. ಹಾಗಾಗಿ ಬೆಡ್‌ಶೀಟಿನ ಒಳಗೆ ಕಬ್ಬಿಣ ಉಜ್ಜಬಾರದು, ನೆಲದ ಪುಡಿಯನ್ನು ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಂತ ನಿಯಮ ಮಾಡಿಕೊಂಡೆ.

ಸರಿಯಾದ ಕ್ರಮ ನಿಜಕ್ಕೂ ಸರಳ, ಬೇಕಾದದ್ದು ತಾಳ್ಮೆ. 320, 400, 600, 800, 1000, 1500, 2000. ಒಂದನ್ನೂ ಬಿಡುವ ಹಾಗಿಲ್ಲ. ನೀರಿಗೆ ಒಂದು ತೊಟ್ಟು ಪಾತ್ರೆ ಲಿಕ್ವಿಡ್ ಹಾಕಿ ಪೇಪರ್ ನೆನೆಸಬೇಕು. ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ ಮುಂದಿನದರಲ್ಲಿ ಅಡ್ಡಕ್ಕೆ. ಉದ್ದ ಗೆರೆ ಒಂದೂ ಕಾಣದ ಹಾಗೆ ಎಲ್ಲವೂ ಅಡ್ಡ ಗೆರೆಯಾದಾಗ ಆ ನಂಬರ್ ಮುಗಿದ ಹಾಗೆ. ನಂಬರ್ ಬದಲಿಸುವಾಗ ಕವರ್, ಕೈ, ಬಕೆಟ್ ಎಲ್ಲ ತೊಳೆದು ನೀರು ಬದಲಿಸಬೇಕು. ಹಳೇ ನಂಬರಿನ ಒಂದು ಕಣ ಉಳಿದರೂ ಸಾಕು, ಮಾಡಿದ್ದೆಲ್ಲ ಹೋಯಿತು.

2000ದ ಪೇಪರಿನ ಕಣ ಸುಮಾರು 10 ಮೈಕ್ರಾನ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು ಅರ್ಧ ಮೈಕ್ರಾನ್. ಮೇಲ್ಮೈಯ ಉಬ್ಬುತಗ್ಗುಗಳು ಆ ಅಲೆಗಿಂತ ಚಿಕ್ಕದಾದಾಗ ಬೆಳಕು ಚೆದುರದೆ ವಾಪಸ್ ಬರುತ್ತದೆ, ನಮಗೆ ನಮ್ಮ ಮುಖ ಕಾಣುತ್ತದೆ. ಹಾಗಾಗಿ ಪೇಪರ್ ಎಷ್ಟು ಉಜ್ಜಿದರೂ ಕನ್ನಡಿಯಾಗುವುದಿಲ್ಲ, ಕೊನೆಯ ಕೆಲಸ ಸೋಪಿನದು. ಗಟ್ಟಿ ಬಫ್‌ಗೆ ಕಂದು ಸೋಪು, ಮೆತ್ತನೆ ಬಫ್‌ಗೆ ಬಿಳಿ ಸೋಪು. ಎರಡು ಸೋಪನ್ನು ಒಂದೇ ಬಫ್‌ಗೆ ಹಾಕಬಾರದು. ಕವರನ್ನು ಚಕ್ರದ ಕೆಳಭಾಗಕ್ಕೆ ಹಿಡಿಯಬೇಕು. ಅಂಚು ಮೇಲ್ಮುಖವಾಗಿ ಸಿಕ್ಕಿದರೆ ಚಕ್ರ ಕಿತ್ತುಕೊಂಡು ಎಸೆಯುತ್ತದೆ. ನನ್ನದು ಒಮ್ಮೆ ಎಸೆದು ಗೋಡೆಯ ಗಾರೆ ಕಿತ್ತಿದೆ.

ಬಿಳಿ ಸೋಪಿನಲ್ಲಿರುವ ಪುಡಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್. ಅಂದರೆ ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡಾಗ ಅದರ ಮೈಮೇಲೆ ಕಟ್ಟುವ ಪೊರೆ ಯಾವುದೋ ಅದೇ ವಸ್ತು. ಕಬ್ಬಿಣದ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಅಲ್ಯೂಮಿನಿಯಂ ಪೊರೆ ಅಲ್ಯೂಮಿನಿಯಂ ಅನ್ನು ಕಾಯುತ್ತದೆ. ಕೊನೆಗೆ ಅದನ್ನು ಹೊಳೆಸಲಿಕ್ಕೂ ಅದೇ ಬೇಕು. ಗೊತ್ತಾದಾಗ ಏನೋ ಖುಷಿಯಾಯಿತು, ಯಾಕೆ ಅಂತ ಕೇಳಬೇಡಿ.

ಕ್ಲಚ್ ಕವರ್ ಮುಗಿಯುವ ಹೊತ್ತಿಗೆ ಗಣಪತಿ ಹಬ್ಬ ಬಂದು ಹೋಯಿತು. ವಿಸರ್ಜನೆಯ ಗದ್ದಲ ಮುಗಿದ ಮೊದಲ ಭಾನುವಾರ ಡೈನಮೋ ಕವರ್ ಬಿಚ್ಚಿದೆ. ಗೀರಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸುತ್ತ ಕೂತಿದ್ದೆ. ಅಮ್ಮ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

"ಅದ್ಯಾಕೋ ಅಲ್ಲಿಗೆ ಟೇಪ್?"

"ಗೀರು ಹಾಗೇ ಇರ್ಲಿ ಅಂತ. ಅಣ್ಣ ಇಟ್ಕೊಂಡಿದ್ರಲ್ಲ."

ಅಮ್ಮ ಬತ್ತಿ ನಿಲ್ಲಿಸಿ ನೋಡಿದಳು. "ಇಟ್ಕೊಳ್ಳೋದೇನು ಬಂತು? ಅದನ್ನ ತೆಗೆಸೋಕೆ ಅಂತ ಬಿಚ್ಚಿ, ಚೀಲದಲ್ಲಿ ಹಾಕ್ಕೊಂಡು ಪಾಲಿಶ್ ಅಂಗಡಿಗೆ ಹೋಗಿದ್ರು. ಅವನು ಎಪ್ಪತ್ತು ರೂಪಾಯಿ ಕೇಳಿದ್ನಂತೆ. ಆ ತಿಂಗಳು ನಿನ್ನ ಪರೀಕ್ಷೆ ಫೀಸು ಇತ್ತು. ವಾಪಸ್ ತಂದು ಹಾಕಿದ್ರು."

ನಾನು ಸುಮ್ಮನೆ ಕೂತೆ.

"ಮತ್ತೆ ನಾನು ಹೊಸದು ತರ್ತೀನಿ ಅಂದಾಗ ಬೇಡ ಅಂದ್ರಲ್ಲಮ್ಮ?"

"ಅಷ್ಟು ಹೊತ್ತಿಗೆ ಅಭ್ಯಾಸ ಆಗಿತ್ತು. ಅದು ಕಣ್ಣಿಗೇ ಬೀಳಲ್ಲ ಅಂತಿದ್ರು. ನಿನಗೆ ಆಗಷ್ಟೇ ಕೆಲಸ, ರೂಮಿನ ಬಾಡಿಗೆ ಬೇರೆ. ನೀನು ಯಾಕೆ ಖರ್ಚು ಮಾಡ್ಬೇಕು ಅಂತ ಇರಬೇಕು."

ಇಷ್ಟು ಹೇಳಿ ಅವಳು ಬತ್ತಿಗೆ ಮರಳಿದಳು. ಅವಳಿಗೆ ಅದು ಅಂಥ ದೊಡ್ಡ ಮಾತೇನೂ ಆಗಿರಲಿಲ್ಲ. ನನಗೆ ಮಾತ್ರ ಮೂವತ್ತನಾಲ್ಕು ವರ್ಷ ಓದಿದ ಪುಸ್ತಕವೊಂದು ಬರೀ ಅಂಗಡಿ ಚೀಟಿ ಅಂತ ಗೊತ್ತಾದ ಹಾಗಾಯಿತು. ಪಾಠವೂ ಅಲ್ಲ, ಶಿಕ್ಷೆಯೂ ಅಲ್ಲ, ಸ್ಮಾರಕವೂ ಅಲ್ಲ. ಎಪ್ಪತ್ತು ರೂಪಾಯಿ. ಆ ದಿನ ಅಣ್ಣ ಚೀಲ ಹಿಡಿದು ಅಂಗಡಿಯಿಂದ ವಾಪಸ್ ನಡೆದು ಬಂದದ್ದನ್ನು ನೆನೆಸಿಕೊಂಡೆ. ನಾನು ನೋಡಿರಲಿಲ್ಲ. ಆದರೂ ಅವರ ನಡಿಗೆ ಗೊತ್ತಲ್ಲ.

ಟೇಪ್ ಕಿತ್ತೆ.

ಆಳದ ಗೀರು ತೆಗೆಯುವುದು ಪೇಪರಿನ ಕೆಲಸವಲ್ಲ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಮೊದಲು ನುಣ್ಣನೆಯ ಅರ ಬೇಕು. ಅಲ್ಯೂಮಿನಿಯಂ ಮೆತ್ತನೆ ಲೋಹ, ಅರದ ಹಲ್ಲುಗಳಲ್ಲಿ ಸಿಕ್ಕಿಕೊಂಡು ಹೊಸ ಗೀರು ಎಳೆಯುತ್ತದೆ. ಅದಕ್ಕೆ ಅರದ ಮೇಲೆ ಸೀಮೆಸುಣ್ಣ ತಿಕ್ಕಿಕೊಳ್ಳಬೇಕು. ಗೀರಿನ ಮೇಲಷ್ಟೇ ಉಜ್ಜಿದರೆ ಅಲ್ಲಿ ಗುಳಿ ಬೀಳುತ್ತದೆ, ಕನ್ನಡಿಯಾದ ಮೇಲೆ ಆ ಗುಳಿಯಲ್ಲಿ ಮುಖ ಸೊಟ್ಟಗೆ ಕಾಣುತ್ತದೆ. ಅದಕ್ಕೆ ಸುತ್ತಲಿನ ಅಂಗೈಯಗಲ ಜಾಗವನ್ನೆಲ್ಲ ಒಟ್ಟಿಗೆ, ಕವರಿನ ಉಬ್ಬಿಗೆ ಹೊಂದುವ ಹಾಗೆ ಇಳಿಸಿಕೊಂಡು ಬರಬೇಕು. ಒಂದು ಗೀರು ತೆಗೆಯಲು ಗೀರಿಲ್ಲದ ಇಷ್ಟೊಂದು ಲೋಹವನ್ನು ಕಳೆದುಕೊಳ್ಳಬೇಕು. ಒಳಗಿನಿಂದ ದಪ್ಪ ಎಷ್ಟು ಉಳಿದಿದೆ ಅಂತ ಆಗಾಗ ಅಳೆದು ನೋಡಿಕೊಂಡೆ. ಅಂಚುಗಳನ್ನು ಮುಟ್ಟಲಿಲ್ಲ.

ಮೂರು ಭಾನುವಾರ ಹಿಡಿಯಿತು. ಮೊದಲನೆಯದು ಅರ ಮತ್ತು 180. ಎರಡನೆಯದು 320ರಿಂದ 2000. ಈ ಸಲ ಒಂದನ್ನೂ ಹಾರಿಸಲಿಲ್ಲ. ಮೂರನೆಯದು ಬಫ್. ಪ್ರತಿ ಸಲ ತೊಳೆದಾಗಲೂ ಗೆರೆ ಸ್ವಲ್ಪ ಸ್ವಲ್ಪ ಕಿರಿದಾಗುತ್ತ, ಕೊನೆಗೆ ಕೂದಲೆಳೆಯಾಗಿ, ಒಂದು ಸಲ ತೊಳೆದು ಎತ್ತಿದಾಗ ಇರಲೇ ಇಲ್ಲ. ಬೆರಳಿನಿಂದ ಹುಡುಕಿದೆ, ಸಿಗಲಿಲ್ಲ. ಸಂತೋಷವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಒಂದು ನಿಮಿಷ ಕೈ ಖಾಲಿಯಾದ ಹಾಗೆ ಅನ್ನಿಸಿತು. ಆಮೇಲೆ, ಅಣ್ಣ ಬೇಕು ಅಂದುಕೊಂಡಿದ್ದ ಒಂದು ಕೆಲಸ ಮುಗಿಯಿತು ಅನ್ನಿಸಿತು. ಅವರು ಬೇಕು ಅಂದುಕೊಂಡು ಬಿಟ್ಟ ಕೆಲಸಗಳು ಇನ್ನೆಷ್ಟಿದ್ದವೋ, ಇದೊಂದು ನನ್ನ ಕೈಗೆ ಸಿಕ್ಕಿತು.

ಬಫ್ ಆದ ಮೇಲೆ ಉಳಿದ ಸೋಪಿನ ಜಿಡ್ಡಿಗೆ ಮೈದಾ ಹಿಟ್ಟು ಉದುರಿಸಿ ಹಳೇ ಬನಿಯನ್ ಬಟ್ಟೆಯಿಂದ ಒರೆಸಿದೆ. ಮೇಲೊಂದು ತೆಳು ಕೋಟು ವ್ಯಾಕ್ಸ್. ಪುಣೆಯ ಮಳೆಗಾಲಕ್ಕೆ ಹೊಳಪು ಮತ್ತೆ ಮಂಕಾಗುತ್ತದೆ, ವರ್ಷಕ್ಕೆ ಎರಡು ಮೂರು ಸಲ ಕೈಯಿಂದ ತಿಕ್ಕಲೇಬೇಕು. ಕನ್ನಡಿ ಹೊಳಪು ಒಂದು ಸಲ ಮಾಡಿ ಇಟ್ಟುಬಿಡುವ ವಸ್ತುವಲ್ಲ.

ಅಕ್ಟೋಬರ್ 11, ನವಮಿ. ನಮ್ಮ ಬಿಲ್ಡಿಂಗಿನಲ್ಲಿ ಗಾಡಿ ಪೂಜೆ ದಸರೆಯ ದಿನ, ಝೆಂಡು ಹೂವು, ಆಪಟೆ ಎಲೆ ಇಟ್ಟು. ನಮ್ಮದು ಮೈಸೂರಿನ ಪದ್ಧತಿ, ಒಂದು ದಿನ ಮುಂಚೆ. ಪಾರ್ಕಿಂಗಿನಲ್ಲಿ ನಮ್ಮ ಗಾಡಿಯೊಂದೇ ಹೂವು ಮುಡಿದು ನಿಂತಿತ್ತು. ಕಾಕೂ ಕೂಡ ಇಳಿದು ಬಂದು ನೋಡಿದರು. (ದುಪಟ್ಟಾಗೆ ಬದಲು ಹೊಸದು ಕೊಡಿಸಿಯಾಗಿತ್ತು.) ಮಗಳು "ಅಪ್ಪಾ, ಮಸ್ತ್ ದಿಸ್ತಂಯ" ಅಂದಳು. ಕನ್ನಡದಲ್ಲಿ ಹೇಳು ಅಂದದ್ದಕ್ಕೆ "ಮಸ್ತ್ ಕಾಣ್ತಿದೆ" ಅಂದಳು. ಅರ್ಧ ಗೆದ್ದೆ.

ಅಮ್ಮ ಅರಿಶಿನ ಕುಂಕುಮ ಹಚ್ಚಲು ಬಗ್ಗಿದವಳು ಡೈನಮೋ ಕವರಿನ ಮುಂದೆ ನಿಂತಳು. ಉಬ್ಬಿದ ಕವರಿನಲ್ಲಿ ಅವಳ ಮುಖ ಅಗಲವಾಗಿ, ಮೂಗು ದೊಡ್ಡದಾಗಿ ಕಾಣುತ್ತಿತ್ತು. ಸೆರಗಿನಿಂದ ಒಮ್ಮೆ ಒರೆಸಿದಳು, ಅಗತ್ಯವಿರಲಿಲ್ಲ. ಗೀರಿದ್ದ ಜಾಗದ ಮೇಲೆ ಬೆರಳಾಡಿಸಿದಳು. ಸರಿಯಾಗಿ ಅಲ್ಲೇ. ಅವಳಿಗೂ ಜಾಗ ಅಷ್ಟು ನಿಖರವಾಗಿ ನೆನಪಿತ್ತು.

"ಎಷ್ಟಾಯ್ತೋ ಖರ್ಚು?"

ಪೇಪರ್, ಬಫ್, ಸೋಪು, ವ್ಯಾಕ್ಸ್, ಗೋಡೆಯ ಗಾರೆ, ದುಪಟ್ಟಾ ಎಲ್ಲ ಸೇರಿ ನಾಲ್ಕು ಸಾವಿರ ದಾಟಿತ್ತು. ಹೇಳಿದೆ.

"ಎಪ್ಪತ್ತು ರೂಪಾಯಿಗೆ ಆಗ್ತಿತ್ತು" ಅಂದಳು ಅಮ್ಮ, ಕುಂಕುಮ ಇಡುತ್ತಾ.